ಹನುಮಪ್ಪನ ಬಾಲ ಎಷ್ಟುದ್ದ?

ಹಗಲುವೇಷದ ಹನುಮಪ್ಪ ಊರಿನ ಓಣಿಗೆ ಬಂದರೆ ಹುಡುಗರ ಕಣ್ಣು ಮೊದಲು ಬೀಳುವುದು ಬಾಲದ ಮೇಲೆ. ಅದರ ಅಳತೆಗೆ ಮಾದರಿ ಬೇವಿನ ಮರದಲ್ಲೇ ಕೂತಿರುತ್ತದೆ: ಮುಸ್ಯಾ. ಈ ಕಪ್ಪು ಮೋತಿಯ ಮಂಗನ ಬಾಲ ಅದರ ತಲೆ, ಮುಂಡ ಎರಡೂ ಕೂಡಿದ ಉದ್ದಕ್ಕಿಂತ ಹೆಚ್ಚು. ಐದೂವರೆ ಅಡಿ ಆಳಿನ ತಲೆ-ಮುಂಡ ಸುಮಾರು 87 ಸೆಂ.ಮೀ.; ಅದೇ ಲೆಕ್ಕ ಹಿಡಿದರೆ ಬಾಲ 105-110 ಸೆಂ.ಮೀ. ಆದರೂ ಬೇಕು. ಹಾಗೇ ಇಳಿಬಿಟ್ಟರೆ ತುದಿ ಮಣ್ಣಲ್ಲಿ ಎಳೆದಾಡುತ್ತದೆ. ಹಾಗಾಗಿ ಒಳಗೊಂದು ತಂತಿ, ಬುಡ ದಪ್ಪ, ಮುಂದೆ ಸಣ್ಣ.

ಇನ್ನು ಬಾಗುವ ದಿಕ್ಕು. ಗೋದಾವರಿಯಿಂದ ದಕ್ಷಿಣದ ಮುಸ್ಯಾ ನಡೆವಾಗ ಬಾಲವನ್ನು ಹಿಂದಕ್ಕೆ ಬಾಗಿಸುತ್ತದೆ. ಉತ್ತರದ್ದು ತಲೆಯ ಕಡೆಗೆ. ವ್ಯಾಸರಾಯರ ಹೆಸರಿನ ಹನುಮ ವಿಗ್ರಹಗಳಲ್ಲೋ ಬಾಲ ತಲೆಯ ಮೇಲೇರಿ ತುದಿಗೆ ಗಂಟೆ ಕಟ್ಟಿಕೊಂಡಿರುತ್ತದೆ. ಪ್ರಾಣಿಶಾಸ್ತ್ರ ಏನೇ ಹೇಳಲಿ, ವೇಷಕ್ಕೆ ಒಪ್ಪುವುದು ಇದೇ.

ಮೊಹರಂನಲ್ಲಿ ಕುಣಿಯುವ ಹುಲಿವೇಷದ ಬಾಲದ ಲೆಕ್ಕ ಬೇರೆ. ನಿಜವಾದ ಹುಲಿಗೆ ಬಾಲ ಮೈಯ ಅರ್ಧದಷ್ಟೇ; ಮನುಷ್ಯನಿಗೆ ಹಚ್ಚಿದರೆ ಮೊಣಕಾಲಿಗೇ ಮುಗಿಯುತ್ತದೆ. ಹಲಗಿ ಬಡಿತಕ್ಕೆ ಬೀಸಲು ಅಷ್ಟು ಯಾರಿಗೆ ಸಾಕು?