ಚೀಟಿಯಿಲ್ಲದ ಚಿಪ್ಪುಗಳು

ಮುಂಬಯಿಯ ಮನೆಗಳಲ್ಲಿ ಮನುಷ್ಯರಿಗೇ ಜಾಗ ಸಾಲದು. ಅದರಲ್ಲಿ ನಮ್ಮ ಚಿರಂಜೀವಿಗೆ ಸಂಗ್ರಹದ ಹುಚ್ಚು. ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ ಎಲ್ಲ ಮುಗಿದು, ಎರಡು ವರ್ಷದಿಂದ ಸಮುದ್ರದ ಚಿಪ್ಪುಗಳು. ಬಿಸ್ಕತ್ತಿನ ಡಬ್ಬವೊಂದು ತುಂಬಿ ಮಂಚದ ಕೆಳಗೆ ಕುಳಿತಿತ್ತು. "ಈ ಕಸವನ್ನು ಎಂದು ಹೊರಗೆ ಹಾಕುತ್ತೀರಿ?" ಎಂದು ಮನೆಯಾಕೆ ಕೇಳುತ್ತಿದ್ದುದು ಮಗನನ್ನಲ್ಲ, ನಮ್ಮನ್ನು. ಉತ್ತರ ತೋಚದೆ, ಒಂದು ಭಾನುವಾರ ಮಗನನ್ನು ಕರೆದುಕೊಂಡು ವಸ್ತುಸಂಗ್ರಹಾಲಯಕ್ಕೆ ಹೊರಟೆವು.

ಚರ್ಚ್‌ಗೇಟಿನಲ್ಲಿ ಇಳಿದು ಕಾಲಾ ಘೋಡಾದತ್ತ ನಡೆದರೆ ತೋಟದ ನಡುವೆ ಗುಂಬಜ ಕಾಣುತ್ತದೆ. 1905ರಲ್ಲಿ ಅಡಿಗಲ್ಲು ಹಾಕಿ, 1922ರಲ್ಲಿ ಜನರಿಗೆ ತೆರೆದ ಕಟ್ಟಡ. ಅಂದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಒಳಗಿನ ಕಮಾನುಗಳಿಗೆ ನಮ್ಮ ವಿಜಾಪುರದ ಗೋಲಗುಂಬಜವೇ ಮಾದರಿಯಂತೆ. ಹೊಸ್ತಿಲಲ್ಲೇ ಊರ ಕಡೆಯವರು ಸಿಕ್ಕಂತಾಯಿತು.

ಇಲ್ಲಿ ಒಂದೇ ಸೂರಿನಡಿ ಎರಡು ಬಗೆಯ ಸಂಗ್ರಹಗಳಿವೆ. ಒಂದು, ಸರ್ ರತನ್ ಟಾಟಾ, ಸರ್ ದೊರಾಬ್ ಟಾಟಾ ಅವರಂಥ ರಸಿಕರು ಕೂಡಿಸಿದ ಕಲಾವಸ್ತುಗಳು. ಇನ್ನೊಂದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆರವಿನಿಂದ ಬೆಳೆದ ಪ್ರಾಣಿವಿಭಾಗ. ಆ ಸೊಸೈಟಿಯೂ 1883ರಲ್ಲಿ ಹುಟ್ಟಿದ್ದು ಹವ್ಯಾಸದಿಂದಲೇ. ತಾವು ಕಂಡದ್ದು, ಕೂಡಿಸಿದ್ದು ಒಬ್ಬರಿಗೊಬ್ಬರು ತೋರಿಸಲು ಎಂಟು ಮಂದಿ ಕಲೆತರು, ಅಷ್ಟೇ.

ಗಾಜಿನ ಮುಂದೆ ನಿಂತು ಮಗ ಕೇಳಿದ: "ಅಪ್ಪ, ಇದೂ ಕೂಡಿಸಿದ್ದೇ, ನನ್ನದೂ ಕೂಡಿಸಿದ್ದೇ. ನನ್ನದನ್ನು ಮಾತ್ರ ಅಮ್ಮ ಕಸ ಅನ್ನುವುದೇಕೆ?"

ನಾವು ಸಲೀಂ ಅಲಿಯವರ ಕಥೆ ಹೇಳಿದೆವು. 1908ರಲ್ಲಿ ಇದೇ ಮುಂಬಯಿಯ ಹುಡುಗನೊಬ್ಬ ಆಟದ ಬಂದೂಕಿನಿಂದ ಗುಬ್ಬಿ ಹೊಡೆದ. ಅದರ ಗಂಟಲಲ್ಲಿ ಹಳದಿ ಗುರುತಿತ್ತು. ಇದು ಯಾವ ಗುಬ್ಬಿ ಎಂದು ಕೇಳಲು ಸೊಸೈಟಿಗೆ ಹೋದಾಗ, ಕಾರ್ಯದರ್ಶಿ ಮಿಲ್ಲಾರ್ಡ್ ಬೀರುವಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು ತೋರಿಸಿದರು. ಸಾಲುಸಾಲು ಹಕ್ಕಿಗಳು! ಹುಡುಗನ ಬಾಳಿನ ದಾರಿ ಅಲ್ಲಿಯೇ ತೆರೆಯಿತು. ಇಂದು ಹಾಗೆ ಕಾಡುಹಕ್ಕಿ ಹೊಡೆಯುವಂತಿಲ್ಲ, 1972ರ ಕಾಯಿದೆಯಿದೆ.

ಅಂಥ ಹಕ್ಕಿಗಳ ಕಾಲಿಗೆ ಒಂದು ಚೀಟಿ ಕಟ್ಟಿರುತ್ತಾರೆ: ಯಾವ ಊರು, ಯಾವ ತಾರೀಖು, ತಂದವರು ಯಾರು. ಕಚೇರಿಯಲ್ಲಿ ಕಡತ ಕಟ್ಟುವ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಹಿಂದೆ ಹಕ್ಕಿಯ ಮೊಟ್ಟೆ ಕೂಡಿಸುವ ಗೀಳಿತ್ತು; 1954ರ ಕಾಯಿದೆ ಅದಕ್ಕೆ ಕಡಿವಾಣ ಹಾಕಿತು. ಆದರೆ 1967ರಲ್ಲಿ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಆ ಹಳೆಯ ಪೆಟ್ಟಿಗೆಗಳ ಮೊಟ್ಟೆಚಿಪ್ಪುಗಳನ್ನು ತೂಗಿ ನೋಡಿದರು. 1947ರ ಸುಮಾರಿನಿಂದ ಬೇಟೆಹಕ್ಕಿಗಳ ಮೊಟ್ಟೆಚಿಪ್ಪು ತೆಳುವಾಗಿತ್ತು. ಅದಕ್ಕೆ ಡಿ.ಡಿ.ಟಿ. ಕಾರಣವೆಂದು ಮುಂದೆ ಗೊತ್ತಾಯಿತು. ತಾರೀಖು ಬರೆದಿಡದಿದ್ದರೆ ಅವು ಬರಿಯ ಚಿಪ್ಪು.

ಮನೆಗೆ ಬಂದವನೇ ಮಗ ಡಬ್ಬ ಸುರುವಿಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ಅವನ ಮುಖ ಬಾಡಿತು. "ಅಪ್ಪ, ಇದರಲ್ಲಿ ಅಜ್ಜಿ ಕೊಟ್ಟದ್ದು ಯಾವುದು?"

ಎರಡು ವರ್ಷದ ಹಿಂದೆ ಕಾರವಾರದ ಕಡಲತಡಿಯಲ್ಲಿ, ಮಂಡಿನೋವಿದ್ದರೂ ಬಗ್ಗಿ, ನಮ್ಮ ತಾಯಿ ಒಂದು ಕವಡೆ ಹೆಕ್ಕಿ ಅವನ ಅಂಗೈಯಲ್ಲಿಟ್ಟಿದ್ದರು. ಡಬ್ಬ ಶುರುವಾದದ್ದೇ ಅದರಿಂದ. ತಾಯಿ ಈಗಿಲ್ಲ. ಜುಹೂವಿನಿಂದ ತಂದ ಕವಡೆಗಳ ನಡುವೆ ಅವರದು ಬೆರೆತುಹೋಗಿದೆ. ಯಾವುದೋ ಒಂದನ್ನು ಎತ್ತಿ "ಇದೇ" ಎಂದುಬಿಡಬಹುದಿತ್ತು. ಕೈಗೂ ಎತ್ತಿಕೊಂಡೆವು, ಹೇಳಲು ನಾಲಿಗೆ ಏಳಲಿಲ್ಲ.

ಮನೆಯಾಕೆ ಮಾತಾಡದೆ ಹಳೆಯ ನೋಟುಬುಕ್ಕಿನ ಹಾಳೆ ಹರಿದು ಸಣ್ಣ ಚೀಟಿಗಳಾಗಿ ಕತ್ತರಿಸಿ ತಂದಿಟ್ಟಳು. ಮಗ ಎಲ್ಲ ಕವಡೆಗಳನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಮೊದಲ ಚೀಟಿ ಬರೆದ: "ಕಾರವಾರ ಮತ್ತು ಜುಹೂ. ಒಂದು ಅಜ್ಜಿಯದು."

ಡಬ್ಬ ಈಗ ಮಂಚದ ಕೆಳಗಿಲ್ಲ, ಪುಸ್ತಕದ ಕಪಾಟಿನಲ್ಲಿದೆ. ಓದುಗರ ಮನೆಗಳಲ್ಲೂ ಊರಿನಿಂದ ತಂದ ಇಂಥ ಸಾಮಾನುಗಳಿದ್ದಾವು. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿ ಬರೆದಿಟ್ಟರೆ ಒಳ್ಳೆಯದು.