ಸಮೀಕರಣಗಳಿದ್ದವು, ಮಾತುಗಳಿರಲಿಲ್ಲ

ಮೇಷ್ಟ್ರು ತೀರಿಕೊಂಡ ಮರುವರ್ಷ, ಅಟ್ಟದ ಮೇಲೆ ಸಿಕ್ಕ ಫ್ಲಾಪಿಗಳ ಡಬ್ಬಿಯೊಂದನ್ನು ಅಮ್ಮ ನನ್ನ ಕೈಗಿಟ್ಟರು. ಮೇಷ್ಟ್ರ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. “ಇದರಲ್ಲಿ ಅವರ ಪುಸ್ತಕ ಇದೆ ಕಣಪ್ಪ. ಪ್ರಿಂಟ್ ತೆಗೆದಿದ್ದ ಒಂದೇ ಪ್ರತೀನ ಯಾರೋ ಓದ್ತೀನಿ ಅಂತ ತಗೊಂಡು ಹೋದೋರು ವಾಪಸ್ ಕೊಡಲೇ ಇಲ್ಲ” ಅಂದರು.

ಪುಸ್ತಕವೆಂದರೆ ಪದವಿ ತರಗತಿಯ ಹುಡುಗರಿಗಾಗಿ ಅವರು ಕನ್ನಡದಲ್ಲಿ ಬರೆದಿದ್ದ ಸಂಖ್ಯಾ ಸಿದ್ಧಾಂತದ ಪಾಠಗಳು. ಹನ್ನೊಂದು ಫ್ಲಾಪಿಗಳಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಉಳಿದವುಗಳಲ್ಲಿ ಪುಸ್ತಕದ್ದೆಂದು ಸಿಕ್ಕಿದ್ದು ಒಂದೇ ಕಡತ, ಅದೂ ಡಿವಿಐ. ಮೇಷ್ಟ್ರು ಟೈಪ್ ಮಾಡಿದ ಮೂಲ ಕಡತ ಗುಜರಿಗೆ ಹೋದ ಹಾರ್ಡ್ ಡಿಸ್ಕಿನ ಜೊತೆಗೇ ಹೋಗಿತ್ತು.

ಡಿವಿಐ ಬಗ್ಗೆ ಎರಡು ಮಾತು ಹೇಳಬೇಕು. ಡೊನಾಲ್ಡ್ ಕ್ನೂತ್ ರೂಪಿಸಿದ ಟೆಕ್ ತಂತ್ರಾಂಶ ತಾನಾಗಿ ಏನನ್ನೂ ಮುದ್ರಿಸುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕೆಂದು ಲೆಕ್ಕ ಹಾಕಿ ಒಂದು ಕಡತದಲ್ಲಿ ಬರೆದಿಟ್ಟು ಕೈ ತೊಳೆದುಕೊಳ್ಳುತ್ತದೆ. ಆ ಕಡತದ ರೂಪವನ್ನು 1979ರಲ್ಲಿ ಡೇವಿಡ್ ಫುಕ್ಸ್ ಸಿದ್ಧಪಡಿಸಿದರು. ಡಿವಿಐ ಎಂಬ ಹೆಸರಿನ ಅರ್ಥವೇ ‘ಸಾಧನದ ಹಂಗಿಲ್ಲದ್ದು’ ಎಂದು. ಅದರ ಅಳತೆಯ ಮೂಲಮಾನ ಎಷ್ಟು ಸಣ್ಣದೆಂದರೆ ಅಂತಹ 65,536 ಸೇರಿದರೆ ಅಚ್ಚಿನವರ ಒಂದು ಪಾಯಿಂಟ್, 72.27 ಪಾಯಿಂಟ್ ಸೇರಿದರೆ ಒಂದು ಅಂಗುಲ. ಮುಂದಿನದು ಡ್ರೈವರ್‌ನ ಕೆಲಸ. ಪರದೆಗೆ ಒಂದು ಡ್ರೈವರ್, ಪ್ರತಿ ಜಾತಿಯ ಪ್ರಿಂಟರ್‌ಗೆ ಇನ್ನೊಂದು. ಎಂಬತ್ತರ ದಶಕದಲ್ಲಿ ಟೆಕ್ ಬಳಕೆದಾರರ ಪತ್ರಿಕೆ ‘ಟಗ್‌ಬೋಟ್’ ಇದಕ್ಕಾಗಿಯೇ ಕೋಷ್ಟಕಗಳನ್ನು ಪ್ರಕಟಿಸುತ್ತಿತ್ತು: ಈ ಕಂಪ್ಯೂಟರಿಗೆ ಆ ಪ್ರಿಂಟರ್ ಜೋಡಿಸಬೇಕಾದರೆ ಡ್ರೈವರ್ ಯಾರ ಹತ್ತಿರ ಇದೆ ಎಂದು. ನಮ್ಮೂರಿನಲ್ಲಿ ಹೆಣ್ಣು-ಗಂಡಿನ ಜಾತಕ ಹಿಡಿದು ಓಡಾಡುವವರ ಪಟ್ಟಿಯ ಹಾಗೆ.

ಇಷ್ಟೆಲ್ಲ ಓದಿಕೊಂಡು, ಇನ್ನೇನು ತೊಂದರೆ ಇಲ್ಲ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ಕಡತ ತೆರೆದೆ. ಪುಟಗಳು ಬಂದವು. ಸಮೀಕರಣಗಳೂ ಬಂದವು, ಮುತ್ತು ಪೋಣಿಸಿದ ಹಾಗೆ. ಅವುಗಳ ನಡುವೆ ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ. ಒಂದು ಭಿನ್ನರಾಶಿ, ಆರು ಸಾಲು ಬಿಳುಪು, ಮತ್ತೊಂದು ಭಿನ್ನರಾಶಿ.

ಡಿವಿಐ ಕಡತದೊಳಗೆ ಅಕ್ಷರದ ಆಕಾರ ಇರುವುದಿಲ್ಲ. ಇರುವುದು ಫಾಂಟಿನ ಹೆಸರು ಮತ್ತು ಆ ಫಾಂಟಿನಲ್ಲಿ ಅಕ್ಷರದ ಸಂಖ್ಯೆ, ಅಷ್ಟೆ. ಕ್ನೂತ್ ಮಾಡಿದ ಇಂಗ್ಲಿಷ್ ಮತ್ತು ಗಣಿತದ ಫಾಂಟುಗಳು ಟೆಕ್ ಇರುವ ಪ್ರತಿ ಯಂತ್ರದಲ್ಲೂ ಇವೆ, ಅದಕ್ಕೇ ಸಮೀಕರಣಗಳಿಗೆ ಏನೂ ಆಗಿರಲಿಲ್ಲ. ಕನ್ನಡ ಫಾಂಟು ಮೇಷ್ಟ್ರ ಯಂತ್ರದಲ್ಲಿ ಮಾತ್ರ ಇತ್ತು. ಟೆಕ್‌ಗೆ ಸಂಬಂಧಿಸಿದ್ದೆಲ್ಲ ಸಿಗುವ ಸಿಟ್ಯಾನ್ ಭಂಡಾರದಲ್ಲಿ ಕನ್ನಡಕ್ಕೂ ಒಂದು ಜಾಗವಿದೆ. ಆದರೆ ನಮ್ಮ ಕಡತ ಕೇಳುತ್ತಿದ್ದ ಹೆಸರೇ ಬೇರೆ. ಸಾಧನದ ಹಂಗಿಲ್ಲ ನಿಜ, ಲಿಪಿಯ ಹಂಗು ಯಾರಿಗೆ ತಪ್ಪಿದೆ?

ಕಡತದ ಮೊದಲ ಬೈಟುಗಳಲ್ಲಿ ಟೆಕ್ ತಾನು ಕೆಲಸ ಶುರು ಮಾಡಿದ ಹೊತ್ತನ್ನು ಬರೆದಿಡುತ್ತದೆ. ಇದರಲ್ಲಿ 1994ರ ಆಗಸ್ಟ್ 17, ರಾತ್ರಿ 2.15 ಎಂದಿತ್ತು. ಅಮ್ಮನಿಗೆ ಹೇಳಿದೆ. “ಹಗಲು ಕರೆಂಟ್ ಎಲ್ಲಿರ್ತಿತ್ತು?” ಅಂದರು.

ಮತ್ತೆ ಡಬ್ಬಿಗೇ ಕೈ ಹಾಕಿದೆ. ಒಂದರ ಮೇಲೆ ಪೆನ್ಸಿಲಿನಲ್ಲಿ ‘ಇಎಂಟೆಕ್’ ಎಂದಿತ್ತು. ಎಂ.ಟೆಕ್. ಪದವಿಯಲ್ಲ; ಜರ್ಮನಿಯ ಎಬರ್‌ಹಾರ್ಡ್ ಮಾಟೆಸ್ ಡಾಸ್ ಕಂಪ್ಯೂಟರುಗಳಿಗೆಂದು ಮಾಡಿ ಉಚಿತವಾಗಿ ಹಂಚಿದ ಟೆಕ್. ಪರದೆಯ ಮೇಲೆ ನೋಡಲು ಒಂದು ಡ್ರೈವರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಒಂದು, ಲೇಸರ್‌ಗೆ ಇನ್ನೊಂದು ಅದರ ಜೊತೆಗೇ ಬರುತ್ತಿದ್ದವು. ಅದೇ ಫ್ಲಾಪಿಯ ಮೂಲೆಯಲ್ಲಿ ಕನ್ನಡ ಫಾಂಟೂ ಇತ್ತು. ಆದರೆ ಚುಕ್ಕಿ ಚುಕ್ಕಿಯಾಗಿ, ಅಂಗುಲಕ್ಕೆ 180 ಚುಕ್ಕಿಯಂತೆ, ಮೇಷ್ಟ್ರ 24 ಪಿನ್ನಿನ ಪ್ರಿಂಟರ್‌ನ ಅಳತೆಗೆ ಹೊಲಿಸಿದ್ದು. ಬೇರೆ ಅಳತೆಗೆ ಹೊಸದಾಗಿ ಮಾಡಿಕೊಳ್ಳಲು ಬೇಕಾದ ಮೆಟಾಫಾಂಟ್ ಮೂಲ ಎಲ್ಲೂ ಇರಲಿಲ್ಲ.

ಈಗಿನ ಕಂಪ್ಯೂಟರಿನೊಳಗೆ ಹಳೆಯ ಡಾಸ್ ವೇಷ ಹಾಕುವ ಡಾಸ್‌ಬಾಕ್ಸ್‌ನಲ್ಲಿ ಇಎಂಟೆಕ್ ಎಬ್ಬಿಸಿ, 180 ಎಂದು ಹೇಳಿ ಕಡತ ಕೊಟ್ಟೆ. ಕನ್ನಡ ಬಂತು. ‘ಭಾಜಕ’ ಎಂಬ ಪದ ಮೊದಲು ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಮ್ಮನಿಗೆ ಪರದೆ ಬೇಡ, ಕಾಗದ ಬೇಕಿತ್ತು. ನಮ್ಮ ಬೀದಿಯ ಲಾರಿ ಬುಕಿಂಗ್ ಆಫೀಸಿನಲ್ಲಿ 24 ಪಿನ್ನಿನ ಪ್ರಿಂಟರ್ ಇನ್ನೂ ಗುಟುರು ಹಾಕುತ್ತಿದೆ. ಒಂದೇ ಏಟಿಗೆ ಮೂರು ಪ್ರತಿ ರಸೀದಿ ಬೇಕೆಂದರೆ ಕಾಗದವನ್ನು ಕುಟ್ಟಲೇಬೇಕಲ್ಲ, ಲೇಸರ್ ಕುಟ್ಟುವುದಿಲ್ಲ. ಅವರ ಹಳೆಯ ಕಂಪ್ಯೂಟರಿನಿಂದ ಕಡತವನ್ನು ನೇರ ಪ್ರಿಂಟರ್‌ಗೆ ಕಾಪಿ ಮಾಡಿದೆ. ಮೊದಲ ಸಲ ಅರ್ಧ ಪುಟಕ್ಕೇ ನಿಂತಿತು. ಆಜ್ಞೆಯಲ್ಲಿ ಒಂದು ‘ಬಿ’ ಬಿಟ್ಟಿದ್ದೆ. ಅದಿಲ್ಲದಿದ್ದರೆ 26 ಎಂಬ ಬೈಟ್ ಸಿಕ್ಕಿದಲ್ಲಿ ಕಡತ ಮುಗಿಯಿತೆಂದು ಡಾಸ್ ತಿಳಿಯುತ್ತದೆ. ‘ಬಿ’ ಸೇರಿಸಿದೆ. ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ 64 ಪುಟಗಳು. ಆಫೀಸಿನ ಹುಡುಗ ರಿಬ್ಬನ್ನಿನ ದುಡ್ಡು ಬೇಡವೆಂದ.

ಈಗ ಅದನ್ನು ಯೂನಿಕೋಡಿಗೆ ಟೈಪ್ ಮಾಡುತ್ತಿದ್ದೇನೆ, ಬೇರೆ ದಾರಿಯಿಲ್ಲ. ಅಮ್ಮ ಕರಡು ನೋಡುತ್ತಾರೆ. 180 ಚುಕ್ಕಿಯಲ್ಲಿ ಒತ್ತಕ್ಷರಗಳು ಮೆತ್ತಿಕೊಂಡಿವೆ. ದ ಒತ್ತೋ ಧ ಒತ್ತೋ ತಿಳಿಯುವುದಿಲ್ಲ. ‘ಸಿದ್ದಾಂತ’ ಎಂದು ಬರೆದವನ ಉತ್ತರ ಪತ್ರಿಕೆಯನ್ನು, ಗಣಿತ ಸರಿಯಿದ್ದರೂ, ಮೇಷ್ಟ್ರು ಎಸೆಯುತ್ತಿದ್ದರು. ಹಾಗಾಗಿ ಡಿವಿಐಟೈಪ್ ಎಂಬ ಇನ್ನೊಂದು ಹಳೆಯ ಸಾಧನ ಹುಡುಕಿದೆ. ಅದು ಚಿತ್ರ ಬಿಡಿಸುವುದಿಲ್ಲ, ಕಡತದಲ್ಲಿರುವ ಸಂಖ್ಯೆಗಳನ್ನು ಸಾಲಾಗಿ ಓದಿ ಹೇಳುತ್ತದೆ. ದ ಒತ್ತಿಗೆ ಒಂದು ಸಂಖ್ಯೆ, ಧ ಒತ್ತಿಗೆ ಇನ್ನೊಂದು. ಅಲ್ಲಿ ಮಸಿ ಮೆತ್ತಿಕೊಳ್ಳುವ ಮಾತೇ ಇಲ್ಲ.

ಪ್ರತಿಯೊಂದು ‘ಸಿದ್ಧಾಂತ’ವನ್ನೂ ನೋಡಿದೆ. ಎಲ್ಲ ಸರಿ, 23ನೇ ಪುಟದ ಒಂದನ್ನು ಬಿಟ್ಟು. ಅಲ್ಲಿ ದ ಒತ್ತು.

ಹಾಗೇ ಬಿಡಲೋ ತಿದ್ದಲೋ ಎಂದು ಅಮ್ಮನನ್ನು ಕೇಳಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಅದು ಅವರದ್ದಲ್ಲ, ನಂದು. ಕಣ್ಣು ಎಳೀತಿದೆ ಅಂದಾಗ ನಾನೇ ಕೂತು ಟೈಪ್ ಮಾಡ್ತಿದ್ದೆ. ತಿದ್ದಿಬಿಡಪ್ಪ, ಅವರಿಗೆ ಹೇಳೋದು ಬೇಡ” ಅಂದರು.