ಗೋದಲಿಯ ಹುಲ್ಲು

ಕಡೂರು, ತರೀಕೆರೆಗಳ ನೆರೆಯ ಅಜ್ಜಂಪುರದಲ್ಲಿ ನನ್ನ ಬಾಲ್ಯ ಕಳೆಯಿತು. ಅದು ಅಮೃತಮಹಲ್ ದನಗಳಿಗೆ ಹೆಸರಾದ ಊರು. ಆದುದರಿಂದ ಕ್ರಿಸ್ಮಸ್ಸಿಗೆ ನಾವು ಕಟ್ಟುತ್ತಿದ್ದ ಗೋದಲಿಯಲ್ಲಿ ಮಣ್ಣಿನ ಎತ್ತಿಗೂ ನೀಳವಾದ ಕೊಂಬುಗಳೇ! 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸನು ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ ಗೋದಲಿಯನ್ನು ಏರ್ಪಡಿಸಿದ್ದನು.

ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಡಿಸೆಂಬರ್ ತಿಂಗಳಲ್ಲಿ ಉಪಕಾರವೊಂದನ್ನು ಮಾಡಿದ ಮಗುವು ಗೋದಲಿಯಲ್ಲಿ ಒಂದು ಎಳೆ ರಾಗಿಹುಲ್ಲನ್ನು ಇಡಬೇಕು. ಬಾಲಯೇಸುವಿಗೆ ಅದೇ ಹಾಸಿಗೆ. ಮಾಡಿದ ಉಪಕಾರವನ್ನು ಮಾತ್ರ ಯಾರಲ್ಲಿಯೂ ಹೇಳಕೂಡದು.

ಒಂದು ವರ್ಷ ನಾನು ಏನೂ ಮಾಡದೆಯೇ ದಿನವೂ ಹುಲ್ಲಿಟ್ಟೆನು. ಹಾಸಿಗೆ ಮೆತ್ತಗಾಯಿತು. ತಂಗಿ ಇಟ್ಟದ್ದು ಮೂರೇ ಎಳೆ.

ಹಬ್ಬದ ಹಿಂದಿನ ದಿನ ತರೀಕೆರೆಯ ಅಜ್ಜಿ ಬೀರೂರಿನಲ್ಲಿ ರೈಲು ಬದಲಿಸಿ ಬಂದರು. ಅವರು ತಂದ ಕಜ್ಜಾಯವನ್ನು ನೆರೆಮನೆಯ ಕುರುಡು ಮುದುಕಿಗೆ ಕೊಡಲು ನಾನು ಹೋದೆನು.

“ದಿನವೂ ನನ್ನ ಕೈಹಿಡಿದು ನಡೆಸುವ ಹುಡುಗಿ ಇಂದು ಬರಲಿಲ್ಲವೇ?” ಎಂದು ಆಕೆ ಕೇಳಿದಳು.

ಮನೆಗೆ ಬಂದು, “ಅದಕ್ಕೇಕೆ ಹುಲ್ಲಿಡಲಿಲ್ಲ?” ಎಂದು ತಂಗಿಯನ್ನು ಕೇಳಿದೆನು.

“ಅಜ್ಜಿ ನನಗೆ ಕಥೆ ಹೇಳುತ್ತಾಳೆ. ಅದು ಉಪಕಾರವೇ, ಅಣ್ಣಾ?” ಎಂದಳು.

ರಾತ್ರಿ ನಾನು ನನ್ನ ಹುಲ್ಲನ್ನೆಲ್ಲ ತೆಗೆಯುತ್ತಿದ್ದಾಗ ತಾಯಿ ಕಂಡರು. ನಿಜವನ್ನು ಹೇಳಿದೆನು. ಅವರು ಗದರಲಿಲ್ಲ. ಒಂದು ಎಳೆಯನ್ನು ನನ್ನ ಕೈಗಿತ್ತು, “ಇದನ್ನು ಇಡು, ಮಗೂ. ಇದು ನಿನ್ನದೇ” ಎಂದರು.

ಆ ವರ್ಷ ಬಾಲಯೇಸು ಮಲಗಿದ್ದು ನಾಲ್ಕೇ ಎಳೆಗಳ ಮೇಲೆ.